ಪೂರ್ತಿ ಒಂದು ನಿಮಿಷ

ನಮ್ಮೂರಿನಲ್ಲಿ ಯಾರ ನಾಡಿಯೂ ಅವರವರ ಕೈಯಲ್ಲಿ ಇರುವುದಿಲ್ಲ. ಗಾರೆ ಕೆಲಸದ ಈರಭದ್ರನಿಗೆ ಜ್ವರ ಬಂದರೆ ಬಡಿದುಕೊಳ್ಳುವುದು ನಮ್ಮ ಆಸ್ಪತ್ರೆಯ ಆಯಾ ಕಾಳಮ್ಮನ ಮಣಿಕಟ್ಟು. ಈರಭದ್ರನ ಕೈ ಹಿಡಿದು ನೋಡಿದರೆ ಅಲ್ಲಿ ಸಿಗುವುದು ಅಂಚೆ ಕಚೇರಿಯ ವನಮಾಲಾಬಾಯಿಯ ನಾಡಿ. ಆಕೆಯೋ ಮೇಜಿನ ಹಿಂದೆ ನಿಶ್ಚಿಂತೆಯಿಂದ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಾಳೆ. ಎದೆಗೆ ಯಂತ್ರದ ತಂತಿ ಅಂಟಿಸಿದರೂ ಅಷ್ಟೇ, ಕೈಯಲ್ಲಿ ಯಾರಿದ್ದಾರೋ ಅವರ ಗೆರೆಯನ್ನೇ ಅದು ಗೀಚುತ್ತದೆ. ಬೇರೆ ಊರುಗಳಲ್ಲಿ ರೋಗಿಯ ನಾಡಿ ರೋಗಿಯ ಕೈಯಲ್ಲೇ ಸಿಗುತ್ತದಂತೆ. ಅಲ್ಲಿನ ನರ್ಸುಗಳಿಗೆ ಎಷ್ಟು ಸುಖ ಎಂದು ನಾನು ಹೊಟ್ಟೆ ಉರಿದುಕೊಂಡದ್ದಿದೆ.

ನಾನು ಚನ್ನಾಜಮ್ಮ, ಇಲ್ಲಿನ ಮೂವತ್ತು ಹಾಸಿಗೆಯ ಆಸ್ಪತ್ರೆಯ ಹಿರಿಯ ನರ್ಸು. ಯಾರ ನಾಡಿ ಯಾರ ಕೈಯಲ್ಲಿದೆ ಎಂದು ಬರೆದಿಡುವ ದಪ್ಪ ಪುಸ್ತಕ ನನ್ನ ವಶದಲ್ಲಿದೆ. ಅದನ್ನು ನಾನು ಮತ್ತು ಡಾಕ್ಟರು ಬಿಟ್ಟು ಬೇರೆ ಯಾರೂ ತೆರೆಯುವಂತಿಲ್ಲ. ಆಸ್ಪತ್ರೆಯಿಂದ ಕರೆ ಹೋದರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ, ಪರದೆಯ ಈಚೆ ಕೂತು ಕೈ ನೀಡುತ್ತಾರೆ, ನಾವು ಎಣಿಸಿದ ಮೇಲೆ ಎದ್ದು ಹೋಗುತ್ತಾರೆ. ಯಾರದು ಎಂದು ಅವರು ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ಹೇಳಿಬಿಟ್ಟರೆ ಅತ್ತೆಯ ಕೈಯಲ್ಲಿ ಸೊಸೆಯ ನಾಡಿ, ಸಾಹುಕಾರನ ಕೈಯಲ್ಲಿ ಆಳಿನ ನಾಡಿ ಎಂದು ತಿಳಿದು, ಇನ್ನೊಬ್ಬರ ಎದೆಯೊಳಗಿನದನ್ನು ಕದ್ದು ಕೇಳುವುದೇ ಎಲ್ಲರ ಕಸುಬಾಗುತ್ತದೆ.

ಯಾರಾದರೂ ತೀರಿಕೊಂಡರೆ ಅವರ ನಾಡಿ ಹೊತ್ತ ಕೈ ಸುಮ್ಮನಾಗುತ್ತದೆ. ಸಾವಿನ ತಮಟೆ ಕೇಳಿದ ಕೂಡಲೇ ಊರಿನಲ್ಲಿ ಎಲ್ಲರೂ ತಮ್ಮ ಮಣಿಕಟ್ಟು ಮುಟ್ಟಿಕೊಳ್ಳುತ್ತಾರೆ. ಯಾರದು ಸುಮ್ಮನಾಗಿದೆಯೋ ಅವರು ಸ್ನಾನ ಮಾಡಿ, ಸತ್ತವರ ಮನೆಗೆ ಹೋಗಿ, ಕಾಲ ಬಳಿ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ಮುಂದೆ ಊರಿಗೆ ಹೊಸ ಜೀವವೊಂದು ಬಂದಾಗ ಅದು ಹೋದವರ ಜಾಗ ಹಿಡಿಯುತ್ತದೆ. ಹುಟ್ಟಿದ ಮಗುವಿನ ನಾಡಿ ಆ ಖಾಲಿ ಕೈಗೆ ಬರುತ್ತದೆ, ಹೋದವರು ಹೊತ್ತಿದ್ದ ನಾಡಿ ಮಗುವಿನ ಕೈಗೆ ಹೋಗುತ್ತದೆ. ಹೊರಗಿನಿಂದ ಬಂದು ನೆಲೆಸಿದವರಿಗೂ ಇದೇ ಕ್ರಮ, ಆದರೆ ಅವರಿಗೆ ಹನ್ನೆರಡು ಅಮಾವಾಸ್ಯೆ ಕಳೆಯಬೇಕು. ಹದಿಮೂರನೆಯ ತಿಂಗಳ ಮೊದಲ ಬೆಳಿಗ್ಗೆ ಎದ್ದು ನೋಡಿದರೆ ಅವರ ಕೈಯಲ್ಲಿ ಅವರು ಇರುವುದಿಲ್ಲ.

ಈ ಕಾರಣಕ್ಕೇ ನಮ್ಮೂರಿನಲ್ಲಿ ಡಾಕ್ಟರು ನಿಲ್ಲುತ್ತಿರಲಿಲ್ಲ. ಸರ್ಕಾರ ಕಳಿಸುತ್ತಿತ್ತು, ಬರುತ್ತಿದ್ದರು, ಪಾಪ ಒಳ್ಳೆಯವರೂ ಇದ್ದರು. ಒಂಬತ್ತನೆಯ ಅಮಾವಾಸ್ಯೆ ಕಳೆಯುತ್ತಲೇ ಕ್ಯಾಲೆಂಡರ್ ನೋಡಲು ಶುರು ಮಾಡುವರು, ಹನ್ನೊಂದಕ್ಕೆ ವರ್ಗಾವಣೆ ತರಿಸಿಕೊಂಡು ಪೆಟ್ಟಿಗೆ ಕಟ್ಟುವರು. ಬಸ್ಸು ಸುಂಕದ ಕಟ್ಟೆ ದಾಟಿದ ಮೇಲೆ ತಮ್ಮ ಮಣಿಕಟ್ಟು ತಾವೇ ಹಿಡಿದುಕೊಂಡು ನಿಟ್ಟುಸಿರು ಬಿಟ್ಟವರನ್ನು ಕಂಡಕ್ಟರ್ ನೋಡಿದ್ದಾನೆ.

ನಿಂತವರು ಒಬ್ಬರೇ, ಡಾಕ್ಟರ್ ಜಿನದತ್ತಯ್ಯ. ಊರಿನವರ ಬಾಯಲ್ಲಿ ದೊಡ್ಡ ಡಾಕ್ಟ್ರು. ಅವರು ಬಂದಾಗ ನನ್ನ ಗಂಡ ತೀರಿಹೋಗಿ ಕೆಲವೇ ತಿಂಗಳಾಗಿತ್ತು. ನನ್ನ ಗಂಡನ ನಾಡಿ ನನ್ನ ಕೈಯಲ್ಲಿ, ನನ್ನದು ಅವನ ಕೈಯಲ್ಲಿ ಇತ್ತು. ಹೀಗೆ ಅದಲುಬದಲಾಗಿ ಸಿಗುವುದು ಬಹಳ ಅಪರೂಪ. ಆ ವರ್ಷ ಊರಿನಲ್ಲಿ ಹುಟ್ಟಿದ ಮಕ್ಕಳೆಲ್ಲ ಬೇರೆ ಬೇರೆ ಖಾಲಿ ಕೈಗಳಿಗೆ ಹೋದವು, ನನ್ನದು ಸುಮ್ಮನೇ ಉಳಿಯಿತು. ಡಾಕ್ಟರ ಹನ್ನೆರಡನೆಯ ಅಮಾವಾಸ್ಯೆ ಕಳೆದ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ, ಮಣಿಕಟ್ಟಿನಲ್ಲಿ ಏನೋ ಮಿಸುಕಿತು. ನಿಧಾನದ, ತೂಕದ ನಾಡಿ. ಹಾಲು ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ. ಆಸ್ಪತ್ರೆಗೆ ಹೋದಾಗ ಅವರು ತಮ್ಮ ಮಣಿಕಟ್ಟು ಹಿಡಿದುಕೊಂಡು ಗಡಿಯಾರ ನೋಡುತ್ತಾ ಕೂತಿದ್ದರು. "ತೊಂಬತ್ತೆರಡು ಇದೆ ಸಿಸ್ಟರ್. ಯಾರೋ ಗಾಬರಿಯಲ್ಲಿದ್ದಾರೆ," ಎಂದರು. ನಾನು ತಲೆ ತಗ್ಗಿಸಿದೆ. ಪುಸ್ತಕದಲ್ಲಿ ಎರಡು ಸಾಲು ಬರೆದೆ, ಅವರು ಓದಿದರು, ಮುಚ್ಚಿದರು.

ಅದಾದ ಮೇಲೆ ಮೂವತ್ತು ವರ್ಷ ಅವರು ನನ್ನನ್ನು ಸಿಸ್ಟರ್ ಎಂದೇ ಕರೆದರು, ನಾನು ಅವರನ್ನು ಸಾರ್ ಎಂದೇ ಕರೆದೆ. ಅವರು ಮದುವೆಯಾಗಲಿಲ್ಲ, ನಾನು ಎರಡನೆಯದನ್ನು ಯೋಚಿಸಲಿಲ್ಲ. ಆದರೆ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ನನಗೆ ತಿಳಿಯುತ್ತಿತ್ತು, ನಾನು ಯಾರೊಂದಿಗೋ ಜಗಳವಾಡಿ ಬಂದರೆ "ನೀರು ಕುಡೀರಿ ಮೊದಲು," ಎಂದು ಅವರು ಲೋಟ ಮುಂದಿಡುತ್ತಿದ್ದರು. ನಾನು ಅವರನ್ನು ಪ್ರೀತಿಸಿದೆ. ಇದನ್ನು ಈಗ ಬರೆಯುವುದಕ್ಕೆ ನನಗೆ ನಾಚಿಕೆಯಿಲ್ಲ.

ನಾಡಿ ಎಣಿಸುವುದರಲ್ಲಿ ಅವರದೊಂದು ಹಠವಿತ್ತು. ಎಲ್ಲ ಕಡೆ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುತ್ತಾರೆ. ಇವರು ಪೂರ್ತಿ ಒಂದು ನಿಮಿಷ ಎಣಿಸುವರು. "ಕೈ ನೀಡೋದಕ್ಕೆ ಆ ಮನುಷ್ಯ ಅರ್ಧ ಊರು ನಡೆದು ಬಂದಿದಾನೆ. ಒಂದು ನಿಮಿಷ ಕೊಡೋಕೆ ನಮಗೇನು ಕಷ್ಟ?" ಎನ್ನುವರು. ಸರದಿಯಲ್ಲಿ ನೂರು ಜನ ನಿಂತಿದ್ದರೂ ಅದು ಬದಲಾಗಲಿಲ್ಲ.

ಅರವತ್ತು ದಾಟುತ್ತಿದ್ದಂತೆ ಅವರಿಗೆ ಒಂದೇ ಚಿಂತೆ, ತಮ್ಮ ನಂತರ ಯಾರು. ಆಗ ಹಳ್ಳಿಗಾಡಿನ ಆಸ್ಪತ್ರೆಗಳಲ್ಲೇ ತಜ್ಞ ವೈದ್ಯರನ್ನು ತಯಾರು ಮಾಡಲು ಸರ್ಕಾರ ಒಂದು ಅನುದಾನ ಇಟ್ಟಿದೆ ಎಂದು ಸುತ್ತೋಲೆ ಬಂತು. ಎಂಬಿಬಿಎಸ್ ಮುಗಿಸಿದವರು ಇಂಥ ಆಸ್ಪತ್ರೆಯಲ್ಲಿ ಮೂರು ವರ್ಷ ಇದ್ದು, ಹಿರಿಯ ವೈದ್ಯರ ಕೈಕೆಳಗೆ ಕಲಿತು, ಪರೀಕ್ಷೆ ಬರೆದರೆ ತಜ್ಞರೆಂದು ಪದವಿ. ನಡುವೆ ಬಿಟ್ಟು ಹೋಗುವಂತಿಲ್ಲ. "ಮೂರು ವರ್ಷ ಸಿಸ್ಟರ್! ಹನ್ನೆರಡು ಅಮಾವಾಸ್ಯೆ ತಾನಾಗಿ ಕಳೆದುಹೋಗತ್ತೆ," ಎಂದು ಅವರು ಹುಡುಗನ ಹಾಗೆ ನಕ್ಕರು. ಕಲಿತು ಮುಗಿಸಿದವರು ಮುಂದಿನವರಿಗೆ ತಾವೇ ಗುರುವಾಗಬಹುದು. ಒಬ್ಬರು ನಿಂತರೆ ಸಾಕು, ಆಮೇಲೆ ಊರಿಗೆ ಡಾಕ್ಟರ ಬರ ಇರುವುದಿಲ್ಲ. ನಾಲ್ಕು ವರ್ಷ ಅರ್ಜಿ ಹಾಕಿದರು. ಒಮ್ಮೆ ಗ್ರಂಥಾಲಯವಿಲ್ಲ ಎಂದು ವಾಪಸ್, ಒಮ್ಮೆ ಹಾಸಿಗೆ ಸಾಲದೆಂದು ವಾಪಸ್, ಒಮ್ಮೆ ಅರ್ಜಿಯೇ ಎಲ್ಲೋ ಕಳೆದುಹೋಯಿತು. ನಾಲ್ಕನೆಯ ಸಲ, ತಪಾಸಣೆಗೆ ಬರುತ್ತೇವೆ ಎಂದು ಪತ್ರ ಬಂತು.

ಆ ಪತ್ರ ಬಂದ ವಾರವೇ ನನ್ನ ಕೈಯಲ್ಲಿ ಅವರ ನಾಡಿ ತಪ್ಪಲು ಶುರುವಾದದ್ದು. ನಾಲ್ಕು ಬಡಿದು ಒಂದು ಬಿಡುವುದು, ಆಮೇಲೆ ಅವಸರದಲ್ಲಿ ಎರಡು. ನಾನು ಓಡಿಹೋಗಿ ಕೈ ನೀಡಿದೆ. ಅವರು ಪೂರ್ತಿ ಒಂದು ನಿಮಿಷ ಎಣಿಸಿದರು. ಮುಖದಲ್ಲಿ ಏನೂ ಕಾಣಲಿಲ್ಲ.

"ಪೇಟೆಗೆ ಹೋಗೋಣ ಸಾರ್. ನಾನೂ ಬರ್ತೀನಿ. ನನ್ನ ಕೈ ಇಲ್ದೆ ಅಲ್ಲಿ ಅವರಿಗೆ ಏನೂ ಗೊತ್ತಾಗಲ್ಲ."

"ಹೋದರೆ ಆಪರೇಷನ್ ಅಂತಾರೆ, ಆರು ತಿಂಗಳು ಮಲಗು ಅಂತಾರೆ. ಗುರು ಇಲ್ಲದ ಆಸ್ಪತ್ರೆಗೆ ಅನುದಾನ ಕೊಡ್ತಾರಾ? ಗುರು ಆರೋಗ್ಯವಾಗಿರಬೇಕು, ಮೂರು ವರ್ಷ ಇಲ್ಲೇ ಇರಬೇಕು ಅಂತ ಷರತ್ತು ಹಾಕಿದಾರೆ, ನೀವೇ ಟೈಪ್ ಮಾಡಿದ್ರಲ್ಲ."

"ಹಂಗಂತ ಜೀವ ಕಳ್ಕೋತೀರಾ?"

"ಮಾತ್ರೆ ತಗೋತೀನಿ. ಮೂರು ವರ್ಷ ತಳ್ಳಿದ್ರೆ ಸಾಕು ಸಿಸ್ಟರ್," ಎಂದು ಅವರು ನನ್ನ ಕೈ ಬಿಟ್ಟರು. ನಾನು ಆ ದಿನ ಹಠ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ತಪಾಸಣೆಯ ದಿನ ಊರಿಗೆ ಊರೇ ಮೀಸೆ ತಿರುವಿಕೊಂಡು ನಿಂತಿತ್ತು. ಬಳಪದ ಕಲ್ಲು ಕಡೆಯುವವರು ಅಂದು ಉಳಿ ಮುಟ್ಟದೆ, ಒಗೆದ ಅಂಗಿ ತೊಟ್ಟು, ರೋಗವೇ ಇಲ್ಲದಿದ್ದರೂ ಹೊರರೋಗಿಗಳ ಸಾಲಿನಲ್ಲಿ ಗಂಭೀರವಾಗಿ ಕೂತಿದ್ದರು. ಗ್ರಂಥಾಲಯದ ಬೀರುವಿಗೆ ಪುಸ್ತಕ ಸಾಲದೆ ವನಮಾಲಾಬಾಯಿ ಅಂಚೆ ಕಚೇರಿಯ ಪಿನ್‌ಕೋಡ್ ಪಟ್ಟಿಗಳನ್ನು ತಂದು ಹಿಂದಿನ ಸಾಲಿಗೆ ಜೋಡಿಸಿದಳು. ಬಂದ ಮೂವರಲ್ಲಿ ದಪ್ಪ ಕನ್ನಡಕದವರೊಬ್ಬರು ಡಾಕ್ಟರು. ಗುರುವಿನ ದೇಹಸ್ಥಿತಿ ನೋಡಿ ಸಹಿ ಮಾಡುವುದು ಅವರ ಪಾಲಿನ ಕೆಲಸ.

ಅವರು ಹಿಡಿಯುವುದು ಜಿನದತ್ತಯ್ಯನವರ ಕೈಯನ್ನು, ಸಿಗುವುದು ನನ್ನ ನಾಡಿ. ಹೊರಗಿನವರಿಗೆ ನಮ್ಮೂರಿನ ಈ ಸಂಗತಿ ಗೊತ್ತಿಲ್ಲ, ಹೇಳಿದರೆ ನಂಬುವವರೂ ಅಲ್ಲ. ಹೀಗಾಗಿ ಆ ಹೊತ್ತಿನಲ್ಲಿ ನಾನು ಸಮಾಧಾನವಾಗಿದ್ದರೆ ಸಾಕು, ಅನುದಾನ ನಮ್ಮದು. ಸಮಾಧಾನ ಅಂದರೆ ಕಪಾಟಿನಿಂದ ತೆಗೆದುಕೊಳ್ಳುವ ವಸ್ತುವೇ? ಔಷಧಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತಿಯ ಮೂಟೆಯ ಮೇಲೆ ಕೂತೆ. ಒಂದರಿಂದ ಎಣಿಸಿದೆ. ಸತ್ತ ಗಂಡನನ್ನು ನೆನೆದೆ, ಅದರಿಂದ ನಾಡಿ ಏರಿತು. ಕೊನೆಗೆ ನನ್ನ ಕೈ ನಾನೇ ಹಿಡಿದು ಅವರ ನಾಡಿಯನ್ನು ಕೇಳುತ್ತಾ ಕೂತೆ. ನಾಲ್ಕು ಬಡಿದು ಒಂದು ಬಿಡುತ್ತಿತ್ತು. ಅದಕ್ಕೆ ಜೋಗುಳ ಹಾಡುವವಳ ಹಾಗೆ ಮೆಲ್ಲಗೆ ಉಸಿರಾಡಿದೆ, ನನ್ನದೂ ತಗ್ಗಿತು. ಕನ್ನಡಕದ ಡಾಕ್ಟರು ಕಾಲು ನಿಮಿಷ ಎಣಿಸಿ, ನಾಲ್ಕರಿಂದ ಗುಣಿಸಿ, ಯಂತ್ರದ ಗೆರೆಯನ್ನೂ ನೋಡಿ, "ಈ ವಯಸ್ಸಿಗೆ ಇಂಥ ಹೃದಯ! ನಮಗೆಲ್ಲ ಮಾದರಿ ಸರ್ ನೀವು," ಎಂದು ಸಹಿ ಹಾಕಿದರಂತೆ. ಆ ಕಾಗದ ಈಗಲೂ ಕಡತದಲ್ಲಿದೆ. ಅದರಲ್ಲಿರುವುದು ನನ್ನ ಹೃದಯ.

ಅನುದಾನ ಬಂತು. ಎರಡು ಕೊಠಡಿ ಎದ್ದವು, ಪಿನ್‌ಕೋಡ್ ಪಟ್ಟಿಗಳು ಅಂಚೆ ಕಚೇರಿಗೆ ಮರಳಿ ನಿಜವಾದ ಪುಸ್ತಕಗಳು ಬಂದವು. ಮುಂಗಾರು ಶುರುವಾಗುವ ಹೊತ್ತಿಗೆ ಬಸ್ಸಿನಿಂದ ಒಬ್ಬ ಹುಡುಗಿ ಇಳಿದಳು, ಡಾಕ್ಟರ್ ಇಂಚರ. ತೆಳ್ಳಗೆ, ಹೆಗಲಿಗೆ ಚೀಲ, ಮಾತು ಕಡಿಮೆ. ಮೊದಲ ವಾರ ನಾಡಿಯ ವಿಷಯ ತಿಳಿದು ನಮ್ಮನ್ನೆಲ್ಲ ಹುಚ್ಚರೆಂದುಕೊಂಡಳು. ಎರಡನೆಯ ವಾರ ತನಗೇ ಹುಚ್ಚು ಹಿಡಿದಿದೆ ಎಂದುಕೊಂಡಳು. ಮೂರನೆಯ ವಾರ ಹಾವು ಕಚ್ಚಿದ ಕುರಿಗಾಹಿಯೊಬ್ಬನನ್ನು, ಅವನ ನಾಡಿಯಿದ್ದ ಮೇಷ್ಟರ ಹೆಂಡತಿಯ ಕೈ ಹಿಡಿದು ಕೂತು ಬದುಕಿಸಿದಳು. ಅಂದಿನಿಂದ ಅವಳು ಊರಿಗೆ ಸಣ್ ಡಾಕ್ಟ್ರಮ್ಮ. ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಅವಳು ಎಷ್ಟು ಬೇಗ ಕಲಿತಳೆಂದರೆ ದೊಡ್ಡ ಡಾಕ್ಟ್ರೇ ಬೆರಗಾದರು. ಸಂಜೆ ಹೊತ್ತು ಇಬ್ಬರೂ ವರಾಂಡದಲ್ಲಿ ಕೂತು ಅಂದಿನ ರೋಗಿಗಳ ಬಗ್ಗೆ ಮಾತನಾಡುವರು. ನನ್ನ ಕೈಯಲ್ಲಿ ಅವರ ನಾಡಿ ಆಗ ತಪ್ಪುತ್ತಲೇ ಇದ್ದರೂ ಒಂಥರಾ ಸಂತೋಷದಿಂದ ತಪ್ಪುತ್ತಿತ್ತು.

ಹುಡುಗಿ ಚುರುಕಾಗಿದ್ದದ್ದೇ ಕಷ್ಟಕ್ಕೆ ಬಂತು. ಸಿಬ್ಬಂದಿಯ ಆರೋಗ್ಯವನ್ನು ಯಾರೂ ನೋಡುವುದಿಲ್ಲ, ತಾನು ಪ್ರತಿ ಸೋಮವಾರ ಎಲ್ಲರ ನಾಡಿ ಬರೆದಿಡುವುದಾಗಿ ಒಂದು ದಿನ ಘೋಷಿಸಿದಳು. ಅವಳಿಗೆ ಪುಸ್ತಕ ತೆರೆಯುವ ಹಕ್ಕಿತ್ತು. ಸೋಮವಾರ ನನ್ನ ಕೈ ಹಿಡಿದರೆ ಎಲ್ಲ ಬಯಲಾಗುತ್ತಿತ್ತು. ದೊಡ್ಡ ಡಾಕ್ಟ್ರು ನನ್ನನ್ನು ಕೋಣೆಗೆ ಕರೆದರು.

"ಆ ಸಾಲು ಬದಲಾಯಿಸಿ ಸಿಸ್ಟರ್."

"ಪುಸ್ತಕದಲ್ಲಿ ಸುಳ್ಳು ಬರೀಲಾ ಸಾರ್? ಮೂವತ್ತೊಂದು ವರ್ಷದಲ್ಲಿ ಒಂದು ಅಕ್ಷರ ತಪ್ಪಿಲ್ಲ ನಾನು."

"ಗೊತ್ತು. ಅದಕ್ಕೇ ಅವಳು ಅನುಮಾನ ಪಡಲ್ಲ. ಗೊತ್ತಾದ್ರೆ ಆ ಹುಡುಗಿ ನನ್ನನ್ನ ನಾಳೆ ಬೆಳಿಗ್ಗೆ ಪೇಟೆ ಬಸ್ಸು ಹತ್ತಿಸ್ತಾಳೆ. ನಾನು ಬೈದ್ರೂ ಕೇಳಲ್ಲ. ಒಳ್ಳೆ ಡಾಕ್ಟರು ಅವಳು."

ನಾನು ಎರಡು ಹೆಸರು ಅದಲುಬದಲು ಮಾಡಿದೆ. ಕಾಳಮ್ಮನ ಕೈಯಲ್ಲಿದ್ದ ಈರಭದ್ರನ ನಾಡಿ ನನ್ನ ಕೈಯಲ್ಲಿದೆಯೆಂದೂ, ದೊಡ್ಡ ಡಾಕ್ಟ್ರ ನಾಡಿ ಕಾಳಮ್ಮನ ಕೈಯಲ್ಲಿದೆಯೆಂದೂ ಬರೆದೆ. ಸೋಮವಾರಗಳಂದು ಇಂಚರ ಕಾಳಮ್ಮನ ಕೈ ಹಿಡಿದು, ಇಪ್ಪತ್ತಾರು ವರ್ಷದ ಗಟ್ಟಿ ಗಾರೆಯವನ ನಾಡಿ ಎಣಿಸಿ, "ಸರ್, ನಿಮ್ಮ ಹಾರ್ಟು ನನಗಿಂತ ಚೆನ್ನಾಗಿದೆ," ಎನ್ನುವಳು. ಕಾಳಮ್ಮ ಯಾರದೆಂದು ಕೇಳುವವಳಲ್ಲ. "ಯಾರ್ದೋ ಏನೋ ಕಣವ್ವ, ನನ್ ಕೈನಾಗೆ ಸುಖವಾಗೈತೆ," ಎಂದು ಪೊರಕೆ ಎತ್ತಿಕೊಂಡು ಹೋಗುವಳು. ನನ್ನ ಕೈಯನ್ನೂ ಸೋಮವಾರ ಹಿಡಿಯಲು ಬಂದರೆ ನಾನು ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಈರಭದ್ರನಿಗೆ ಏನಾಗಬೇಕು ಬಿಡಿ ಎನ್ನುತ್ತಿದ್ದೆ.

ಹನ್ನೊಂದನೆಯ ಅಮಾವಾಸ್ಯೆ ಕಳೆಯಿತು. ಇಂಚರ ಕ್ಯಾಲೆಂಡರ್ ನೋಡಲಿಲ್ಲ. ಊರು ಮಾತ್ರ ನೋಡುತ್ತಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ತಾನಾಗಿ ಕೇಳಿದಳು, "ನನ್ನ ನಾಡಿ ಯಾರಿಗೆ ಹೋಗುತ್ತೆ ಸಿಸ್ಟರ್? ಒಳ್ಳೆಯವರ ಹತ್ತಿರ ಹೋಗಲಿ." ಆಗ ಖಾಲಿ ಕೈ ಇದ್ದದ್ದು ಕುಂಬಾರ ಬೀದಿಯ ಒಬ್ಬ ಅಜ್ಜಿಯದು. ಆ ಅಜ್ಜಿ ಹಪ್ಪಳ ಚೆನ್ನಾಗಿ ಮಾಡುತ್ತಾಳೆ ಎಂದೆ. ಅವಳು ನಕ್ಕಳು, ದೊಡ್ಡ ಡಾಕ್ಟ್ರೂ ನಕ್ಕರು. ಆ ಅಜ್ಜಿಗೆ ಮರುವಾರವೇ ಮಗುವೊಂದು ಸಿಕ್ಕಿತು.

ಅದಾಗಿ ಮೂರು ದಿನಕ್ಕೆ ಮೇಲಿನ ಕೊಪ್ಪಲಿನಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕೆಲಸವಿತ್ತು. ಊರಿನಿಂದ ಐದು ಮೈಲಿ, ಬಸ್ಸಿಲ್ಲ. ಬೆಳಿಗ್ಗೆ ಎತ್ತಿನ ಗಾಡಿ ಬಿಟ್ಟು ಹೋಗಿತ್ತು, ಸಂಜೆ ಬರಬೇಕು. ಹನ್ನೊಂದು ಗಂಟೆಯ ಸುಮಾರಿಗೆ ಒಂದು ಮಗುವಿನ ತೊಡೆ ಹಿಡಿದುಕೊಂಡಿದ್ದೆ. ನನ್ನ ಮಣಿಕಟ್ಟು ಒಮ್ಮೆಲೇ ನಡುಗಿತು. ಬಡಿತವಲ್ಲ ಅದು, ಮುಷ್ಟಿಯಲ್ಲಿ ಹಿಡಿದ ಹಕ್ಕಿಯ ಒದ್ದಾಟ. ಸೂಜಿ ಕೆಳಗಿಟ್ಟು ಎದ್ದೆ. "ಏನಾಯ್ತ್ ಸಿಸ್ಟ್ರಮ್ಮ?" ಎಂದು ತಾಯಂದಿರು ಕೇಳುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ.

ಐವತ್ತೊಂಬತ್ತು ವರ್ಷದ ಹೆಂಗಸು ಐದು ಮೈಲಿ ಎಷ್ಟು ಓಡಿಯಾಳು? ಓಡಿದೆ, ನಡೆದೆ, ಬಿದ್ದೆ, ಮೊಣಕಾಲು ಕಿತ್ತುಹೋಯಿತು, ಎದ್ದು ಮತ್ತೆ ಓಡಿದೆ. ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದುಕೊಂಡೇ ಓಡಿದೆ. ಹಿಡಿದಿದ್ದರೆ ಹೋಗಲಾರರು ಎಂದು ಆಗ ಅನ್ನಿಸಿತ್ತು. ಕಲ್ಲು ಕಡೆಯುವ ಗುಡ್ಡದ ಬಳಿ ಬರುವಾಗ ಅದು ತೆಳ್ಳಗಾಯಿತು. ಊರು ಕಾಣುತ್ತಿತ್ತು, ಆಸ್ಪತ್ರೆಯ ಹೊಸ ಕೊಠಡಿಗಳ ಬಿಳಿ ಗೋಡೆ ಕಾಣುತ್ತಿತ್ತು. ಸುಂಕದ ಕಟ್ಟೆಯ ಹತ್ತಿರ ನನ್ನ ಕೈ ಸುಮ್ಮನಾಯಿತು.

ನಾನು ಒಳಗೆ ಹೋದಾಗ ಇಂಚರ ಅವರ ಎದೆ ಒತ್ತುತ್ತಿದ್ದಳು. ಬೆವರಿ ತೊಯ್ದಿದ್ದಳು. "ಸಾಕು ಬಿಡವ್ವ," ಎಂದೆ. ಅವಳು ಬಿಡಲಿಲ್ಲ, ಕಾಳಮ್ಮ ಹಿಡಿದು ಎಳೆದುಕೊಂಡಳು. ನಾನು ಅವರ ಪಕ್ಕ ಕೂತು ಕೈ ತೆಗೆದುಕೊಂಡೆ. ಹೊತ್ತ ನಾಡಿ ಕೈ ತಣ್ಣಗಾಗುವವರೆಗೆ ಇರುತ್ತದೆ. ಸತ್ತ ಅವರ ಮಣಿಕಟ್ಟಿನಲ್ಲಿ ನನ್ನ ನಾಡಿ ಇನ್ನೂ ಓಡುತ್ತಿತ್ತು, ಐದು ಮೈಲಿ ಓಡಿಬಂದ ನಾಡಿ. ಮೂವತ್ತು ವರ್ಷದಲ್ಲಿ ಅವರ ಕೈ ಹಾಗೆ ಹಿಡಿದದ್ದು ಅದೇ ಮೊದಲು. ನಿಧಾನಕ್ಕೆ ತಗ್ಗಿ, ದೂರ ಹೋಗಿ, ಇಲ್ಲವಾಯಿತು. ಹೊರಗೆ ತಮಟೆ ಶುರುವಾದಾಗ ಜನರೆಲ್ಲ ಮಣಿಕಟ್ಟು ಮುಟ್ಟಿಕೊಂಡರು. ನಾನು ಸ್ನಾನ ಮಾಡಿ ಬಂದು ಅವರ ಕಾಲ ಬಳಿ ನಿಂತೆ. ವನಮಾಲಾಬಾಯಿ ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಯಾರೂ ಏನೂ ಕೇಳಲಿಲ್ಲ. ಸಿಬ್ಬಂದಿಯೆಂದು ನಿಂತಿದ್ದಾಳೆ ಎಂದುಕೊಂಡರೋ, ತಿಳಿದರೋ. ಇಂಚರ ಒಳಗಿನ ಕೋಣೆಯಿಂದ ಹೊರಗೇ ಬರಲಿಲ್ಲ.

ಹತ್ತು ದಿನಕ್ಕೆ ಆದೇಶ ಬಂತು. ಗುರುವಿನ ಸ್ಥಾನ ತೆರವಾದ್ದರಿಂದ ಅನುದಾನವನ್ನು ನಿಲ್ಲಿಸಲಾಗಿದೆ, ತರಬೇತಿಯಲ್ಲಿರುವ ವೈದ್ಯರು ವಾರದೊಳಗೆ ಬೇರೆ ಆಸ್ಪತ್ರೆಗೆ ಹಾಜರಾಗತಕ್ಕದ್ದು. ಹನ್ನೆರಡನೆಯ ಅಮಾವಾಸ್ಯೆಗೆ ಆಗ ಒಂಬತ್ತು ದಿನ ಉಳಿದಿತ್ತು. ಊರಿನಲ್ಲಿ ತಿಂಗಳು ತುಂಬಿದ ಬಸುರಿ ಯಾರೂ ಇರಲಿಲ್ಲ, ಖಾಲಿ ಕೈ ನನ್ನದೊಂದೇ. ಇಂಚರ ನಿಂತರೆ ಅವಳ ನಾಡಿ ನನಗೆ, ನನ್ನದು ಅವಳಿಗೆ.

ಆದೇಶ ಓದಿ ಮಡಿಚಿ ಅವಳು ಮೇಜಿನ ಮೇಲಿಟ್ಟಳು. "ನಾನು ಹೋಗಲ್ಲ ಸಿಸ್ಟರ್. ಸೀಟು ಬಿಟ್ಟುಬಿಡ್ತೀನಿ. ಪದವಿ ಬೇಡ. ಇಲ್ಲೇ ಡ್ಯೂಟಿ ಡಾಕ್ಟರಾಗಿ ಇದ್ದುಬಿಡ್ತೀನಿ."

ಊರಿಗೆ ಡಾಕ್ಟರು! ಅವರು ಜೀವ ತೆತ್ತದ್ದು ಇದಕ್ಕೇ ಅಲ್ಲವೇ? "ಯಾಕವ್ವಾ?" ಎಂದೆ.

"ನಾನೇ ಕೊಂದಿದ್ದು ಅವರನ್ನ. ಎದೆ ಉರಿ ಅಂದ್ರು. ಪುಸ್ತಕ ನೋಡಿ ಕಾಳಮ್ಮನ ಕೈ ಹಿಡಿದೆ. ಪೂರ್ತಿ ಒಂದು ನಿಮಿಷ ಎಣಿಸಿದೆ ಸಿಸ್ಟರ್, ಎಪ್ಪತ್ತೆರಡು, ಒಂದೂ ತಪ್ಪಿಲ್ಲ. ಗ್ಯಾಸು ಸರ್ ಅಂತ ಗುಳಿಗೆ ಕೊಟ್ಟೆ. ಪುಸ್ತಕ ತೆಗೆದಾಗ ಅವರು ಕೈ ಅಡ್ಡ ಹಿಡಿದು ಏನೋ ಹೇಳೋಕೆ ನೋಡಿದ್ರು. ನೀರು ಕೇಳ್ತಿದಾರೆ ಅಂದ್ಕೊಂಡು ನೀರು ಕೊಟ್ಟೆ. ಅವತ್ತಿಂದ ಕಾಳಮ್ಮನ ಕೈ ಮುಟ್ಟೋಕೂ ನನಗೆ ಧೈರ್ಯ ಬಂದಿಲ್ಲ."

ಆ ದಿನವೂ, ಮರುದಿನವೂ ಸುಮ್ಮನಿದ್ದೆ. ಸುಮ್ಮನಿದ್ದರೆ ಊರಿಗೆ ಡಾಕ್ಟರು ಉಳಿಯುತ್ತಾಳೆ, ಬಾಯಿ ಬಿಟ್ಟರೆ ಹೋಗುತ್ತಾಳೆ. ಇಷ್ಟು ಸುಲಭದ ಲೆಕ್ಕ. ಆದರೆ ಅವಳು ರೋಗಿ ನೋಡುವುದನ್ನು ನಾನು ನೋಡುತ್ತಿದ್ದೆ. ಕೈ ನೀಡಿದವರ ಮಣಿಕಟ್ಟು ಹಿಡಿಯುವಳು, ಹತ್ತು ಎಣಿಸುವಷ್ಟರಲ್ಲಿ ಬಿಡುವಳು, ಮತ್ತೆ ಹಿಡಿಯುವಳು, ಆಮೇಲೆ ನನ್ನತ್ತ ತಿರುಗಿ "ನೀವೊಂದ್ಸಲ ನೋಡಿ ಸಿಸ್ಟರ್," ಎನ್ನುವಳು. ಜ್ವರದ ಮಗುವೊಂದನ್ನು ನಾಲ್ಕು 'ನೋಡಿ'ಗಳ ನಂತರ ಪೇಟೆಗೆ ಕಳಿಸಿದಳು. ಅದಕ್ಕಿದ್ದದ್ದು ಬರೀ ನೆಗಡಿ. ತನ್ನ ಬೆರಳನ್ನೇ ನಂಬದ ಡಾಕ್ಟರನ್ನು ಇಟ್ಟುಕೊಂಡು ಊರು ಏನು ಮಾಡಬೇಕು? ಅವರು ಒಂದು ವರ್ಷ ಕೂತು ಕಲಿಸಿದ್ದೆಲ್ಲ ನನ್ನ ಕಣ್ಣೆದುರೇ ಹಾಳಾಗುತ್ತಿತ್ತು, ಹಾಳು ಮಾಡುತ್ತಿದ್ದದ್ದು ನನ್ನ ಮುಚ್ಚಿದ ಬಾಯಿ.

ಮೂರನೆಯ ದಿನ ಕೈ ತೊಳೆಯುತ್ತಿದ್ದವಳು ಅವಳೇ ಕೇಳಿದಳು. "ಒಂದು ಮಾತು ಅರ್ಥವಾಗ್ತಿಲ್ಲ ಸಿಸ್ಟರ್. ಅವತ್ತು ಅವರ ಕೈಯಲ್ಲಿ ನೂರನಲವತ್ತು ಓಡ್ತಿತ್ತು. ಪುಸ್ತಕದಲ್ಲಿ ಅದು ನಿಮ್ಮದು ಅಂತಿದೆ. ನಿಮಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ನೀವು ಯಾಕೆ ಓಡ್ತಿದ್ರಿ?"

ಮಗುವೊಂದು ಬಾವಿಗೆ ಬಿತ್ತು ಎನ್ನಬಹುದಿತ್ತು, ಗೂಳಿ ಅಟ್ಟಿಸಿಕೊಂಡು ಬಂತು ಎನ್ನಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ನಾನು ಬೀರುವಿನಿಂದ ಪುಸ್ತಕ ತಂದು ಆ ಹಾಳೆ ತೆರೆದು ಅವಳ ಮುಂದಿಟ್ಟೆ. "ಇಲ್ಲಿ ನಾನು ಸುಳ್ಳು ಬರ್ದಿದೀನಿ. ಅವರ ನಾಡಿ ಕಾಳಮ್ಮನ ಹತ್ರ ಯಾವತ್ತೂ ಇರ್ಲಿಲ್ಲ. ನನ್ನ ಹತ್ರ ಇತ್ತು, ಮೂವತ್ತು ವರ್ಷದಿಂದ. ಒಂದೂವರೆ ವರ್ಷದಿಂದ ತಪ್ಪುತಿತ್ತು. ನಿನ್ನ ಬೆರಳು ತಪ್ಪು ಮಾಡಿಲ್ಲ ಕಣವ್ವ. ಎಪ್ಪತ್ತೆರಡು ಸರಿಯಾಗೇ ಎಣಿಸಿದ್ದೀಯ. ನಾನು ನಿನ್ನನ್ನ ಬೇರೆ ಕೈಗೆ ಕಳಿಸಿದ್ದೆ."

ತಪಾಸಣೆಯ ದಿನದಿಂದ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಎರಡು ಸಾಲುಗಳ ಮೇಲೆ ಬೆರಳಿಟ್ಟಳು.

"ಅವರು ಹೇಳಿದ್ದಕ್ಕೆ ಬರೆದ್ರಾ?"

"ಅವರು ಹೇಳಿದ್ರು. ಬರ್ದದ್ದು ನಾನು."

"ನಾನು ತಪ್ಪು ಮಾಡಿದೀನಿ ಅಂದ್ಕೊಂಡು ಇಲ್ಲೇ ಇರಬಹುದಿತ್ತು ಸಿಸ್ಟರ್," ಎಂದಳು ಅವಳು. "ಈಗ ಈ ಪುಸ್ತಕ ಹಿಡ್ಕೊಂಡು ನಾನು ಯಾರ ಕೈ ನೋಡಲಿ? ಪ್ರತಿ ಸಲ ಇದು ನಿಜಾನಾ ಅಂತ ನಿಮ್ಮ ಮುಖ ನೋಡ್ಬೇಕಾ?" ಮುಂದಿನ ಮೂರು ದಿನ ಅವಳು ಹೊರರೋಗಿಗಳನ್ನು ನೋಡಿದಳು. ಒಬ್ಬರನ್ನೂ ನನಗೆ ತೋರಿಸಲಿಲ್ಲ. ಹಿಡಿದ ಕೈಯನ್ನು ಪೂರ್ತಿ ಒಂದು ನಿಮಿಷ ಹಿಡಿದಳು.

ಹೊರಡುವ ಬೆಳಿಗ್ಗೆ ಚೀಲ ಬಾಗಿಲ ಬಳಿ ಇಟ್ಟು ಕಡತದಿಂದ ದೊಡ್ಡ ಡಾಕ್ಟ್ರ ಕೇಸ್ ಶೀಟು ತೆಗೆದಳು. ಅದರಲ್ಲಿ ಕೊನೆಯ ನಾಡಿಯ ಕಲಂ ಎದುರು ಅಂದು ಬರೆದಿದ್ದ ಎಪ್ಪತ್ತೆರಡು ಹಾಗೇ ಇತ್ತು. "ಕೈ ಕೊಡಿ ಸಿಸ್ಟರ್," ಎಂದಳು. ನಾನು ಪರದೆಯ ಈಚೆ, ಊರಿನವರು ಕೂರುವ ಬೆಂಚಿನ ಮೇಲೆ ಕೂತು ಕೈ ನೀಡಿದೆ. ಅವಳು ಮೂರು ಬೆರಳಿಟ್ಟು ಗಡಿಯಾರ ನೋಡಿದಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಮುಳ್ಳು ಒಂದು ಸುತ್ತು ಬರುವವರೆಗೆ ಬೆರಳು ತೆಗೆಯಲಿಲ್ಲ. ಅವಳ ಕಣ್ಣಿನ ನೀರು ನನ್ನ ಅಂಗೈಯಲ್ಲಿ ಬಿತ್ತು. ಎಪ್ಪತ್ತೆರಡನ್ನು ಹೊಡೆದುಹಾಕಿ, 'ನಾಡಿ ಇಲ್ಲ' ಎಂದು ಬರೆದು, ಕೆಳಗೆ ಸಹಿ ಮಾಡಿದಳು. ಬಸ್ಸು ಹೊರಟಾಗ ಸುಂಕದ ಕಟ್ಟೆಯವರೆಗೂ ಜನ ನಿಂತಿದ್ದರು. ಅವಳು ಮಣಿಕಟ್ಟು ಹಿಡಿದುಕೊಂಡು ನಿಟ್ಟುಸಿರು ಬಿಟ್ಟಳೇ ಎಂದು ಆಮೇಲೆ ಕಂಡಕ್ಟರನನ್ನು ಕೇಳಿದೆ. ಇಲ್ಲ, ಕಿಟಕಿಗೆ ತಲೆಯಿಟ್ಟು ಅಳುತ್ತಿದ್ದಳು ಎಂದ.

ಪುಸ್ತಕದ ಆ ಹಾಳೆಯನ್ನು ತಿದ್ದಿದೆ. ತಿದ್ದಿದ್ದು ಕಾಣುವಂತೆಯೇ ತಿದ್ದಿದೆ. ಕಾಳಮ್ಮನಿಗೆ ವಿಷಯ ಹೇಳಿದೆ. ಅವಳು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು, ಮೂರನೆಯ ದಿನ ಕಾಫಿ ತಂದಿಟ್ಟು "ಕುಡೀರಿ, ಆರೋಗ್ತದೆ," ಎಂದಳು. ನನ್ನ ಕೈಯಲ್ಲಿ ಯಾರೂ ಇಲ್ಲ, ನಾನೂ ಯಾರ ಕೈಯಲ್ಲೂ ಇಲ್ಲ. ನನಗೆ ಜ್ವರ ಬಂದರೆ ಕರೆಸಲು ಊರಿನಲ್ಲಿ ಒಂದು ಕೈಯೂ ಇಲ್ಲ.

ಅವಳ ಹನ್ನೆರಡನೆಯ ಅಮಾವಾಸ್ಯೆ ಅವಳಿಲ್ಲದೆಯೇ ಕಳೆಯಿತು. ಮರುದಿನ ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ನನ್ನ ಮಣಿಕಟ್ಟು ಹಿಡಿದು ಕೂತೆ. ಗೋಡೆಯ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಕಾದೆ, ಏನೂ ಮಿಸುಕಲಿಲ್ಲ. ಹಾಲು ಇಳಿಸಿ, ಸೀರೆ ಸರಿಮಾಡಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಿಲ್ಲ ಎಂದು ಗೊತ್ತಿದ್ದರೂ ಹೊರಗೆ ಜನ ಸಾಲಾಗಿ ಕೂತಿದ್ದರು. ಬಾಗಿಲು ತೆಗೆದೆ.